ಹೊಗೆ ಕಂಡಲ್ಲಿ ಫಲಾನುಭವಿ: ಮೌಲ್ಯ ಸರಪಳಿಯ ಮೌಲ್ಯಮಾಪನ ಕುರಿತು ಒಂದು ಶಾಸ್ತ್ರವಿಚಾರ

ನ್ಯಾಯಶಾಸ್ತ್ರದವರು ಅನುಮಾನ ಪ್ರಮಾಣಕ್ಕೆ ಕೊಡುವ ಉದಾಹರಣೆ ಪ್ರಸಿದ್ಧ: ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಶಾಸ್ತ್ರಕಾರರು ಪಿರಿಯಾಪಟ್ಟಣದ ಕಡೆ ಬಂದಿದ್ದರೆ ಅಡುಗೆಮನೆ ಬಿಟ್ಟು ತಂಬಾಕು ಹದ ಮಾಡುವ ಬ್ಯಾರನ್ನನ್ನೇ ಹಿಡಿಯುತ್ತಿದ್ದರು. ಆಷಾಢ ಕಳೆಯುವ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹೊಲದಂಚಿನ ಬ್ಯಾರನ್‌ಗಳಿಂದ ಹೊಗೆ ಏಳತೊಡಗುತ್ತದೆ. ಒಲೆಯಲ್ಲಿ ಸೌದೆ ಉರಿಯುತ್ತದೆ, ಹೊಗೆ ತಗಡಿನ ಕೊಳವೆಯೊಳಗೇ ಸುತ್ತಾಡಿ ಚಿಮಣಿಯಿಂದ ಹೊರಬೀಳುತ್ತದೆ. ಕಡ್ಡಿಗೆ ಕಟ್ಟಿ ತೂಗುಬಿಟ್ಟ ವರ್ಜೀನಿಯಾ ಎಲೆ ಬರೀ ಶಾಖದಲ್ಲಿ ಐದಾರು ದಿನ ಕಳೆದು, ಹಳದಿಗೆ ತಿರುಗಿ, ಬಣ್ಣ ನಿಂತು, ನರ ಒಣಗಿ ಹದಕ್ಕೆ ಬರುತ್ತದೆ. ಹೊಗೆಸೊಪ್ಪಿಗೆ ಹೊಗೆ ಸೋಕುವುದೇ ಇಲ್ಲ. ಈ ವಿಸ್ಮಯವೇ ಪ್ರಸ್ತುತ ಪ್ರಬಂಧದ ಮೂಲಾಧಾರ. ಎಲೆಯನ್ನು ಬದಲಿಸಿದ್ದು ಕಣ್ಣಿಗೆ ಕಾಣದ ಶಾಖ, ದೂರದಲ್ಲಿ ನಿಂತವರ ಎಣಿಕೆಗೆ ಸಿಗುವುದು ಹೊಗೆ. ಅಭಿವೃದ್ಧಿ ಕಾರ್ಯಕ್ರಮಗಳ ಮೌಲ್ಯಮಾಪನವು ಹೊಗೆಯನ್ನು ಎಣಿಸುವ ಶಾಸ್ತ್ರ ಎಂಬುದೇ ನಮ್ಮ ಪ್ರತಿಜ್ಞೆ.

ಈ ಶಾಸ್ತ್ರಕ್ಕೆ ಗುರುಪರಂಪರೆಯೂ ಇದೆ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಎಐಡಿಗಾಗಿ 1969ರಲ್ಲಿ ಯೋಜನೆಗಳನ್ನು ಅಳೆಯುವ ಲಾಗ್‌ಫ್ರೇಮ್ ಎಂಬ ಕೋಷ್ಟಕ ರೂಪುಗೊಂಡಿತು: ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲು, ಒಟ್ಟು ಹದಿನಾರು ಮನೆ. ನಮ್ಮ ಜೋಯಿಸರು ಹನ್ನೆರಡು ಮನೆಯ ಕುಂಡಲಿಯಲ್ಲಿ ಒಬ್ಬ ಮನುಷ್ಯನ ಪೂರ್ಣಾಯುಸ್ಸನ್ನು ಹಿಡಿಸುತ್ತಿದ್ದರು. ಇಲ್ಲಿ ನಾಲ್ಕು ಮನೆ ಹೆಚ್ಚಿದ್ದರೂ ಯೋಜನೆಯ ಆಯುಸ್ಸು ಸಾಮಾನ್ಯವಾಗಿ ಮೂರು ವರ್ಷ. 1985ರಲ್ಲಿ ಮೈಕೆಲ್ ಪೋರ್ಟರ್ ಎಂಬ ವಿದ್ವಾಂಸರು ಕಂಪನಿಗಳಿಗೆ ಲಾಭ ಎಲ್ಲಿಂದ ಹುಟ್ಟುತ್ತದೆ ಎಂದು ತೋರಿಸಲು ‘ಮೌಲ್ಯ ಸರಪಳಿ’ ಎಂಬ ಮಾತನ್ನು ಬಳಕೆಗೆ ತಂದರು. ಮುಂದೆ ನೆರವು ಸಂಸ್ಥೆಗಳು ಅದನ್ನು ಹೊಲದವರೆಗೂ ಎಳೆದು ತಂದವು. ಸಸಿಮಡಿ, ನಾಟಿ, ಸೊಪ್ಪು ಮುರಿಯುವುದು, ಬ್ಯಾರನ್, ಬೇಲ್, ಹರಾಜು, ಕಾರ್ಖಾನೆ ಎಂಬ ಕೊಂಡಿಗಳಲ್ಲಿ ಒಂದೊಂದಕ್ಕೂ ಒಂದೊಂದು ಸೂಚಕ ತೊಡಿಸಿದರೆ ಸರಪಳಿ ಸಿದ್ಧ. ಹೀಗೆ ಸಿದ್ಧವಾದ ಸರಪಳಿಯಿಂದ ಎರಡು ಬೆಳೆ ಬರುತ್ತವೆ. ಒಂದು ತಂಬಾಕು, ಇನ್ನೊಂದು ಫಲಾನುಭವಿ. ಮೊದಲನೆಯದು ಮಳೆ ಕೈಕೊಟ್ಟರೆ ಕೆಡುತ್ತದೆ. ಎರಡನೆಯದಕ್ಕೆ ಹಾಜರಿ ಪುಸ್ತಕ, ಒಂದು ಶಾಮಿಯಾನ ಮತ್ತು ಮಧ್ಯಾಹ್ನದ ಊಟ ಇದ್ದರೆ ಬರಗಾಲದಲ್ಲೂ ಭರ್ತಿ ಇಳುವರಿ.

ಈ ಎರಡನೆಯ ಬೆಳೆಯ ಶ್ರೇಷ್ಠತೆಗೆ ಮೊದಲ ಸಾಕ್ಷ್ಯ, ಒಂದೇ ಹೊಲದಲ್ಲಿ ಅದನ್ನು ಎರಡು ಸಲ ಕೊಯ್ಯಬಹುದು ಎಂಬುದು. 1975ರ ಕಾಯ್ದೆಯಡಿ ಹುಟ್ಟಿದ ತಂಬಾಕು ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ ಕೂಸು. ಸೊಪ್ಪಿನ ಗುಣಮಟ್ಟ ಏರಬೇಕು, ರಫ್ತು ಬೆಳೆಯಬೇಕು ಎಂಬುದು ಅದರ ಹೊಣೆ. ಇತ್ತ 2004ರಲ್ಲಿ ಭಾರತ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿ, ಬೆಳೆಗಾರನಿಗೆ ಬದುಕಿನ ಬೇರೆ ದಾರಿ ತೋರಿಸಬೇಕು ಎನ್ನುತ್ತದೆ. ಕೇಂದ್ರದ ಬೆಳೆ ವೈವಿಧ್ಯ ಕಾರ್ಯಕ್ರಮವೂ 2015-16ರಿಂದ ಕರ್ನಾಟಕ ಸೇರಿದಂತೆ ತಂಬಾಕು ಬೆಳೆಯುವ ರಾಜ್ಯಗಳಿಗೆ ವಿಸ್ತರಿಸಿತು. ಈಗ ಒಬ್ಬ ಊಹಾ ಬೆಳೆಗಾರನನ್ನು ಕಲ್ಪಿಸಿಕೊಳ್ಳೋಣ. ಹೆಸರು ಬೇಡ, ಕ್ರಮಸಂಖ್ಯೆ ಸಾಕು. ಸೋಮವಾರ ಅವನು ಒಳ್ಳೆಯ ತಂಬಾಕು ಬೆಳೆಯುವ ತರಬೇತಿಗೆ ಹೋಗಿ ಸಹಿ ಹಾಕುತ್ತಾನೆ. ಗುರುವಾರ ತಂಬಾಕು ಬಿಡುವ ತರಬೇತಿಗೆ ಹೋಗಿ ಸಹಿ ಹಾಕುತ್ತಾನೆ. ಎರಡೂ ವರದಿಗಳಲ್ಲಿ ಅವನು ಯಶಸ್ಸು. ತರ್ಕದಲ್ಲಿ ಇದನ್ನು ವ್ಯಾಘಾತ ಎನ್ನುತ್ತಾರೆ, ಮೌಲ್ಯಮಾಪನದಲ್ಲಿ ವ್ಯಾಪ್ತಿ ಎನ್ನುತ್ತಾರೆ.

ಎರಡನೆಯ ಸಾಕ್ಷ್ಯ ರಾಗಿ. ಈ ಸೀಮೆಯಲ್ಲಿ ಕೊನೆಯ ಸೊಪ್ಪು ಮುರಿದ ಮೇಲೆ ಅದೇ ಹೊಲಕ್ಕೆ ರಾಗಿ ಹಾಕುವುದು ಹಳೆಯ ರೂಢಿ. ತಂಬಾಕು ಕೈಕಾಸಿಗೆ, ರಾಗಿ ಹೊಟ್ಟೆಗೆ. ಆದರೆ ಜೂನ್‌ನಲ್ಲಿ ಆರಂಭದ ಸಮೀಕ್ಷೆಗೆ ಬಂದವನಿಗೆ ಹೊಲದಲ್ಲಿ ಕಾಣುವುದು ತಂಬಾಕು. ಅಂತಿಮ ಸಮೀಕ್ಷೆಯನ್ನು ನವೆಂಬರ್‌ನಲ್ಲಿ ಇಟ್ಟುಕೊಂಡರೆ ಅದೇ ಹೊಲದಲ್ಲಿ ತೆನೆ ತೂಗುತ್ತಿರುತ್ತದೆ. ತಂಬಾಕಿನಿಂದ ಆಹಾರ ಬೆಳೆಗೆ ಪರಿವರ್ತನೆ, ನೂರಕ್ಕೆ ನೂರು! ತದ್ವಿರುದ್ಧವಾಗಿ ಮೊದಲ ಭೇಟಿ ನವೆಂಬರ್‌ನಲ್ಲಿ, ಕೊನೆಯದು ಜೂನ್‌ನಲ್ಲಿ ನಡೆದರೆ ರಾಗಿಯಿಂದ ವಾಣಿಜ್ಯ ಬೆಳೆಗೆ ಬಡ್ತಿ, ಅದೂ ನೂರಕ್ಕೆ ನೂರು. ಆದಕಾರಣ ಅಳತೆಯ ದಿನಾಂಕ ನಮ್ಮ ಕೈಯಲ್ಲಿದ್ದರೆ ಕಾರ್ಯಕ್ರಮವೇ ಬೇಕಿಲ್ಲ, ಪಂಚಾಂಗ ಸಾಕು ಎಂಬುದು ಸಿದ್ಧವಾಯಿತು. ಬೆಲೆಯ ವಿಚಾರವೂ ಹೀಗೆಯೇ. ಬ್ರೆಜಿಲ್‌ನಲ್ಲೋ ಜಿಂಬಾಬ್ವೆಯಲ್ಲೋ ಬೆಳೆ ಕೈಕೊಟ್ಟರೆ ಹರಾಜಿನಲ್ಲಿ ದರ ಚೇತರಿಸುತ್ತದೆ. ಅದನ್ನು ತರಬೇತಿಯ ಪರಿಣಾಮ ಎಂದು ಬರೆಯಲಾಗುತ್ತದೆ. ಅಲ್ಲಿ ಬೆಳೆ ಚೆನ್ನಾಗಿ ಬಂದು ಇಲ್ಲಿ ದರ ಕುಸಿದರೆ ಅದು ‘ಬಾಹ್ಯ ಕಾರಣ’. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆಯನ್ನು ನಾವು ಕೇಳಿದ್ದೇವೆ. ಮುರಿದ ಟೊಂಗೆಯ ಲೆಕ್ಕ ಕಾಗೆಗೆ, ಮುರಿಯದ ಟೊಂಗೆಯ ಲೆಕ್ಕ ಗಾಳಿಗೆ ಎಂಬ ತಿದ್ದುಪಡಿ ಮಾತ್ರ ಹೊಸದು.

ಹಾಗಾದರೆ ನಿಜವಾದ ಮೌಲ್ಯಮಾಪನ ಎಲ್ಲೂ ಇಲ್ಲವೆ? ಇದೆ, 1984ರಿಂದ ಕರ್ನಾಟಕದಲ್ಲಿ ನಡೆದಿದೆ. ಮಂಡಳಿಯ ಹರಾಜು ಕಟ್ಟೆಗೆ ಹೋಗಿ ನೋಡಬೇಕು. ಗೋಣಿತಟ್ಟು ಸುತ್ತಿದ ಬೇಲ್‌ಗಳು ಸಾಲಾಗಿ ಕೂತಿರುತ್ತವೆ, ಮೇಲೊಂದು ಚೀಟಿ. ಖರೀದಿದಾರ ಒಂದು ಹಿಡಿ ಎಲೆ ಎಳೆದು, ಮುಟ್ಟಿ, ಮೂಸಿ ಮುಂದೆ ಹೋಗುತ್ತಾನೆ. ಕಣ್ಣು ಮಿಟುಕಿಸುವುದರಲ್ಲಿ ಅದು ಉತ್ತಮ, ಮಧ್ಯಮ ಅಥವಾ ಕೆಳದರ್ಜೆ. ಯಾರೂ ಕೂಗದ ಬೇಲ್ ‘ನೋ ಬಿಡ್’. ಇದಲ್ಲದೆ ಪರವಾನಗಿಯಲ್ಲಿ ಬ್ಯಾರನ್ ಒಂದಕ್ಕೆ ಇಷ್ಟೇ ಕೆಜಿ ಎಂಬ ಮಿತಿಯುಂಟು, ಮೀರಿದರೆ ದಂಡದ ಕಾನೂನುಂಟು. ನಮ್ಮ ಸಿದ್ಧಾಂತ ಸರಳ: ಬೆಳೆಗಾರನಿಗೆ ಹಾಕಿದ ಶಿಸ್ತನ್ನು ವರದಿಗಾರನಿಗೂ ಹಾಕಿ. ಪ್ರತಿ ಸಂಸ್ಥೆಗೆ ಇಂತಿಷ್ಟು ಫಲಾನುಭವಿಗಳ ಪರವಾನಗಿ ಇರಲಿ. ಹೆಚ್ಚುವರಿ ಫಲಾನುಭವಿಗಳನ್ನು ಅನಧಿಕೃತ ಬೆಳೆ ಎಂದು ಪರಿಗಣಿಸಿ ದಂಡ ಹಾಕಲಿ. ವರ್ಷಾಂತ್ಯದ ವರದಿಗಳನ್ನು ಬೇಲ್ ಕಟ್ಟಿ, ತೂಗಿ, ಚೀಟಿ ಅಂಟಿಸಿ, ಹರಾಜು ಕಟ್ಟೆಯಲ್ಲಿ ಸಾಲಾಗಿ ಇಡಲಿ. ಬೆಳೆಗಾರರು ನಡುವೆ ನಡೆದುಹೋಗಲಿ, ಒಂದು ಹಿಡಿ ಪುಟ ಎಳೆದು ನೋಡಲಿ.

ಇಲ್ಲಿ ಮೂರು ಪೂರ್ವಪಕ್ಷಗಳು ಏಳುತ್ತವೆ. ಲೆಕ್ಕ ಇಡದಿದ್ದರೆ ಹಣ ಸೋರುತ್ತದೆ ಎಂಬುದು ಮೊದಲನೆಯದು. ನಿಜ, ನಾವು ಬೇಡವೆಂದದ್ದು ಲೆಕ್ಕವನ್ನಲ್ಲ, ಬರೆದವನೇ ಅಂಕ ಹಾಕಿಕೊಳ್ಳುವುದನ್ನು. ವರದಿ ಓದಿ ತೂಗುವ ವಿದ್ಯೆ ರೈತನಿಗೆಲ್ಲಿದೆ ಎಂಬುದು ಎರಡನೆಯದು. ನಡುರಾತ್ರಿ ಟಾರ್ಚ್ ಹಿಡಿದು ಬ್ಯಾರನ್ ಕಿಂಡಿಯಲ್ಲಿ ಇಣುಕಿ, ಹಳದಿಯ ಛಾಯೆಯೊಂದರಲ್ಲಿ ತನ್ನ ವರ್ಷದ ದುಡಿಮೆ ಉಳಿಯಿತೋ ಸುಟ್ಟಿತೋ ಎಂದು ಗುರುತಿಸುವವನಿಗೆ ಬಣ್ಣ ಕಟ್ಟಿದ ವಾಕ್ಯವನ್ನು ಗುರುತಿಸುವುದು ಕಷ್ಟವಲ್ಲ. ಮೂರನೆಯದೇ ಗಟ್ಟಿ ಆಕ್ಷೇಪ: ಹರಾಜು ಕಟ್ಟೆಯೇನು ಧರ್ಮಪೀಠವೆ? ಕೊಳ್ಳುವವರು ಕೆಲವೇ ಮಂದಿ, ದರ ಬೀಳಿಸುತ್ತಾರೆಂದು ಬೆಳೆಗಾರರೇ ಹರಾಜು ನಿಲ್ಲಿಸಿ ಪ್ರತಿಭಟಿಸುವುದಿಲ್ಲವೆ? ಒಪ್ಪಿದೆವು. ಆದರೆ ಅಲ್ಲಿ ಕೆಲವರಾದರೂ ಇದ್ದಾರೆ. ವರದಿಗೆ ಇರುವ ಗಿರಾಕಿ ಒಬ್ಬನೇ, ಅದನ್ನು ಬರೆಸಿದವನೂ ಅವನೇ. ಮತ್ತು ಕಟ್ಟೆಯಲ್ಲಿ ಪ್ರತಿಭಟಿಸಲು ಬೆಳೆಗಾರನಿಗೆ ತನ್ನ ಬೇಲ್ ಯಾವ ದರಕ್ಕೆ ಹೋಯಿತೆಂದು ಗೊತ್ತಿರುತ್ತದೆ. ವರದಿಯಲ್ಲಿ ತಾನು ಯಾವ ದರಕ್ಕೆ ಹೋದೆ ಎಂಬುದು ಅವನಿಗೆ ಗೊತ್ತಾಗುವುದೇ ಇಲ್ಲ.

ಆದ್ದರಿಂದ ಕೊನೆಯ ಶಿಫಾರಸು ಒಂದೇ, ಖರ್ಚೂ ಇಲ್ಲ. ಹರಾಜಿನಲ್ಲಿ ಕೂಗಿದ ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರ ಬೇಡವೆಂದು ತನ್ನ ಬೇಲನ್ನು ವಾಪಸು ಒಯ್ಯಬಹುದು. ಸಮೀಕ್ಷೆಯ ನಮೂನೆಯಲ್ಲೂ ಅಂಥದೊಂದು ಕಾಲಂ ಸೇರಿಸಿ.