ಮೋಹಿನಿ ವೇಷದ ಮೇಷ್ಟ್ರು

ಹಳೇಬೀಡಿಗೆ, ಅಂದರೆ ಹೊಯ್ಸಳರ ದ್ವಾರಸಮುದ್ರಕ್ಕೆ, ದೋಚುವವರು ಹೊಸಬರೇನಲ್ಲ. 1311ರಲ್ಲಿ ಮಲಿಕ್ ಕಾಫೂರ್ ದಿಲ್ಲಿಯಿಂದ ದಂಡು ಕಟ್ಟಿಕೊಂಡು ಬಂದು ಮುತ್ತಿಗೆ ಹಾಕಿದ. ಮಾಡಿದ್ದು ಘನಂದಾರಿ ಕೆಲಸವಲ್ಲ, ಆದರೆ ಮನುಷ್ಯ ಖುದ್ದಾಗಿ ಬಂದಿದ್ದ. ಬಿಸಿಲಲ್ಲಿ ಬೆಂದು, ಹೊಳೆ ದಾಟಿ, ಮೈಕೈ ನೋಯಿಸಿಕೊಂಡು ದೋಚಿದ. ಈಗಿನವರು ಫ್ಯಾನಿನ ಕೆಳಗೆ ಕೂತು ನಂಬರ್ ಒತ್ತಿದರೆ ದ್ವಾರಸಮುದ್ರವೇ ಎದ್ದು ಹೋಗಿ ಅವರ ಖಾತೆಗೆ ಬೀಳುತ್ತದೆ.

ನಾನು ಅರಸೀಕೆರೆಯವನು. ನಮ್ಮೂರಿನ ಮೇಲೆ ದೊಡ್ಡವರ ಕಣ್ಣು ಬೀಳುವುದೇ ಅಪರೂಪ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದವರು ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. 1220ರ ಈಶ್ವರ ದೇವಾಲಯ ನಮ್ಮಲ್ಲೂ ಇದೆ, ಅದರ ಮುಂದಿನ ನಕ್ಷತ್ರಾಕಾರದ ಮಂಟಪದ ಮೂಲೆಗಳನ್ನು ಎಣಿಸಿಯೇ ನಾನು ಹಲವು ತಲೆಮಾರಿನ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೂ ಹೊರಗಿನವರಿಗೆ ಅರಸೀಕೆರೆ ಎಂದರೆ ರೈಲು ನಿಂತಾಗ ವಡೆ ತಿನ್ನುವ ಜಂಕ್ಷನ್. ಹೀಗಿರುವಾಗ ಒಂದು ಬೆಳಿಗ್ಗೆ ‘ಮುಂಬೈ ಕ್ರೈಂ ಬ್ರ್ಯಾಂಚ್’ ಫೋನ್ ಮಾಡಿ ನನ್ನ ಹೆಸರು, ತಂದೆಯ ಹೆಸರು, ಊರು, ಆಧಾರ್‌ನ ಕೊನೆಯ ನಾಲ್ಕು ಅಂಕಿ ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದಾಗ, ಸುಳ್ಳೇಕೆ, ಮೊದಲು ಬಂದದ್ದು ಕೃತಜ್ಞತೆ. ಯುನೆಸ್ಕೋಗೆ ಕಾಣದವನು ಇವರಿಗಾದರೂ ಕಂಡೆನಲ್ಲ!

ನನ್ನ ಹೆಸರಲ್ಲಿ ತೈವಾನಿಗೆ ಹೊರಟ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆಯಂತೆ. ಜನ್ಮದಲ್ಲಿ ನಾನು ಕಳಿಸಿದ ಪಾರ್ಸೆಲ್ ಎಂದರೆ ಪುಣೆಯಲ್ಲಿರುವ ಮಗಳಿಗೆ ಚಟ್ನಿಪುಡಿ. “ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ. ವಿಡಿಯೊ ಕಾಲ್ ಕತ್ತರಿಸಬಾರದು, ಯಾರಿಗೂ ಹೇಳಬಾರದು” ಎಂದು ಹಿಂದಿಯಲ್ಲಿ ಗುಡುಗಿದರು ಸಾಹೇಬರು. ಹಿಂದೆ ಧ್ವಜ, ಮೈಮೇಲೆ ಖಾಕಿ. ನೀರು ಕುಡಿಯಲು ಎದ್ದಾಗ ಸೊಂಟದ ಕೆಳಗೆ ಹೂವಿನ ಚಿತ್ರದ ಬರ್ಮುಡಾ.

ಇದು ಮೋಸ ಎಂದು ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ಯಾರಿಗೆ ಫೋನ್ ಮಾಡಿದರೂ ಮೊದಲು ಅಮಿತಾಭ್ ಬಚ್ಚನ್ ಎತ್ತಿಕೊಂಡು ಸೈಬರ್ ಕಳ್ಳರ ಬಗ್ಗೆ ಬುದ್ಧಿ ಹೇಳುತ್ತಿದ್ದ ಕಾಲ ದಾಟಿ ಬಂದವನು ನಾನು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಇಂಥದೇ ಒಂದು ಕರೆಯನ್ನು ದೇಶಕ್ಕೆಲ್ಲ ಕೇಳಿಸಿದ್ದರು, ಆ ಕರೆ ಬಂದಿದ್ದು ನಮ್ಮ ವಿಜಯಪುರದವರಿಗೇ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ, ಫೋನ್ ಇಟ್ಟು 1930ಕ್ಕೆ ತಿಳಿಸಿದರೆ ಮುಗಿಯಿತು. ನನ್ನ ಹೆಂಡತಿ ಅಡುಗೆಮನೆಯಿಂದಲೇ ಅಷ್ಟನ್ನೂ ಹೇಳಿದಳು. “ರೀ, ಇಟ್ಬಿಡ್ರೀ ಅದನ್ನ. ಒಲೆ ಮೇಲೆ ಹಾಲಿದೆ.”

ಆದರೆ ನಿವೃತ್ತ ಸಮಾಜ ವಿಜ್ಞಾನದ ಮೇಷ್ಟ್ರ ಸಂಕಟ ನಿಮಗೆ ಗೊತ್ತಿಲ್ಲ. ಮನೆಯಲ್ಲಿ ನನ್ನ ಮಾತು ಕೇಳುವವರಿಲ್ಲ. ಪೆನ್ಷನ್ ಬಂದ ಮೇಲೆ ನಾನು ಯೂಟ್ಯೂಬಿನಲ್ಲಿ ನೋಡಿದ್ದು ಬರೀ ಇದೇ: ಮೋಸಗಾರರನ್ನೇ ಮೋಸ ಮಾಡುವ ಪುಣ್ಯಾತ್ಮರು. ಜಿಮ್ ಬ್ರೌನಿಂಗ್ ಎಂಬ ಗುಪ್ತನಾಮದವನೊಬ್ಬ ಗುರುಗ್ರಾಮದ ಕಾಲ್ ಸೆಂಟರಿನ ಕ್ಯಾಮೆರಾಗಳೊಳಗೇ ನುಗ್ಗಿ, ಕಳ್ಳರು ಕೆಲಸ ಮಾಡುವುದನ್ನು ಬಿಬಿಸಿಗೆ ತೋರಿಸಿದ್ದ; ಅದು 2020ರಲ್ಲಿ. ಇನ್ನೊಬ್ಬ, ಇಮೇಲಿನ ಕಾಲದಲ್ಲಿ, ಮೋಸಗಾರನನ್ನು ಪುಸಲಾಯಿಸಿ ಮರದಲ್ಲಿ ಕಮೋಡೋರ್ ಕಂಪ್ಯೂಟರಿನ ಕೀಲಿಮಣೆ ಕೆತ್ತಿಸಿಕೊಂಡಿದ್ದ. ಬೇಲೂರಿನ ದಾಸೋಜ, ಚಾವಣರಾದರೂ ತಮ್ಮ ಹೆಸರು ಕೆತ್ತಿಕೊಂಡರು, ಪಾಪ ಆ ಕಳ್ಳನಿಗೆ ಅದೂ ದಕ್ಕಲಿಲ್ಲ. ಇವೆಲ್ಲಕ್ಕಿಂತ ನನ್ನನ್ನು ಕೆಡಿಸಿದ್ದು 2025ರ ಮಾರ್ಚಿನ ಕಾನ್ಪುರದ ಸುದ್ದಿ. ಸಿಬಿಐ ಅಧಿಕಾರಿ ಎಂದು ಹೆದರಿಸಿದವನಿಗೆ ಅಲ್ಲಿನ ಯುವಕನೊಬ್ಬ, ಚಿನ್ನದ ಸರ ಅಡವಿಟ್ಟಿದ್ದೇನೆ, ಬಿಡಿಸಿಕೊಳ್ಳಲು ದುಡ್ಡು ಕೊಡಿ ಎಂದು ಗೋಗರೆದು ಹತ್ತು ಸಾವಿರ ರೂಪಾಯಿ ಅವನಿಂದಲೇ ಕಿತ್ತಿದ್ದ. ಕಾನ್ಪುರಕ್ಕೆ ಆಗುವುದು ಅರಸೀಕೆರೆಗೆ ಆಗದೇ?

ಮೊದಲು ಕೊಬ್ಬರಿಯಿಂದ ಶುರುಮಾಡಿದೆ. “ಸಾಹೇಬರೇ, ದುಡ್ಡು ಕೊಡುತ್ತೇನೆ. ಆದರೆ ಅದು ಈಗ ಅಟ್ಟದ ಮೇಲಿದೆ.” ಸಾಹೇಬರು ಮುಂದಕ್ಕೆ ಬಾಗಿದರು. ತೆಂಗಿನಕಾಯಿಯನ್ನು ಅಟ್ಟಕ್ಕೆ ಏರಿಸಿ ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುತ್ತದೆ, ಆಮೇಲೆ ಸುಲಿಸಬೇಕು, ಆಮೇಲೆ ಎಪಿಎಂಸಿ ಎಂದು ವಿವರಿಸಿದೆ. 2025ಕ್ಕೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ ₹12,100 ಬೆಂಬಲ ಬೆಲೆ ಇಟ್ಟಿದ್ದನ್ನೂ, ಪೇಟೆಯಲ್ಲಿ ಅದರ ಎರಡರಷ್ಟಕ್ಕೂ ಮೇಲೆ ಹೋದದ್ದನ್ನೂ ಹೇಳಿದೆ. ಹನ್ನೊಂದು ತಿಂಗಳು ಕಾಯಲು ಕ್ರೈಂ ಬ್ರ್ಯಾಂಚ್ ಒಪ್ಪಲಿಲ್ಲ. ಎಫ್‌ಡಿ ಇದೆಯೇ ಎಂದರು. ಇದೆ, ಹದಿನೆಂಟು ಲಕ್ಷ, ರಸೀದಿ ಹಳೇಬೀಡಿನ ತಂಗಿಯ ಮನೆಯ ಬೀರುವಿನಲ್ಲಿದೆ ಎಂದೆ. ನನ್ನ ಹತ್ತಿರ ಹದಿನೆಂಟು ಲಕ್ಷವಿದ್ದರೆ ನಾನು ಇವನ ಜೊತೆ ಯಾಕೆ ಮಾತಾಡುತ್ತಿದ್ದೆ?

“ಈಗಲೇ ಹೊರಡಿ, ಕ್ಯಾಮೆರಾ ಆನ್ ಇರಲಿ.”

“ಬಸ್ ಚಾರ್ಜಿಗೂ ದುಡ್ಡಿಲ್ಲ ಸಾಹೇಬರೇ. ಹೆಂಡತಿಯಾದರೆ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಹೋಗಿ ಬರುತ್ತಾಳೆ. ಯಾರಿಗೂ ಹೇಳಬೇಡಿ ಅಂತ ತಾವೇ ಅಪ್ಪಣೆ ಕೊಡಿಸಿದ್ದೀರಿ.”

ಈ ತರ್ಕಕ್ಕೆ ಅವರ ಹತ್ತಿರ ಉತ್ತರವಿರಲಿಲ್ಲ. ಮೊದಲು ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಟ್ಯಾಕ್ಸಿ ದುಡ್ಡು ಬರುತ್ತದೆ ಎಂದರು. ಪಿನ್ ಒತ್ತುವುದು ಕೊಡುವವನು, ತೆಗೆದುಕೊಳ್ಳುವವನಲ್ಲ. ಇಷ್ಟು ನಮ್ಮ ಸಂತೆಯ ಸೊಪ್ಪಿನವಳಿಗೂ ಗೊತ್ತು. ಕಣ್ಣು ಮಂಜು, ಕೈ ನಡುಕ, ಫೋನು ಹಳೆಯದು ಎಂದು ನಾನಾ ರಾಗ ತೆಗೆದೆ. ಕೊನೆಗೆ ಹದಿನೆಂಟು ಲಕ್ಷದ ಆಸೆಗೆ ಸಾಹೇಬರೇ ₹2,000 ಹಾಕಿದರು. ಮೆಸೇಜು ಟಿಣ್ ಎಂದಾಗ ಹಿಗ್ಗಿದಷ್ಟು ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಶಾಲೆಗೆ ನೂರಕ್ಕೆ ನೂರು ಬಂದ ವರ್ಷವೂ ನಾನು ಹಿಗ್ಗಿರಲಿಲ್ಲ.

ಟ್ಯಾಕ್ಸಿಯ ಮಾತೇಕೆ, ಸ್ಕೂಟರ್ ಹತ್ತಿದೆ. ಕ್ರೈಂ ಬ್ರ್ಯಾಂಚ್ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಬಾಣಾವರ, ಜಾವಗಲ್ ದಾಟುವಷ್ಟರಲ್ಲಿ ನನ್ನ ಹೊಯ್ಸಳರ ಪಾಠದಲ್ಲಿ ಸಳ ಹುಲಿಯನ್ನು ಕೊಂದದ್ದು ಮುಗಿದು ನೃಪಕಾಮ, ವಿನಯಾದಿತ್ಯ, ಎರೆಯಂಗ ಆಗಿ ಒಂದನೇ ಬಲ್ಲಾಳನಿಗೆ ಬಂದಿದ್ದೆ. ನನ್ನ ಹಿಂದಿ, ಪ್ರಚಾರ ಸಭೆಯ ಮಧ್ಯಮಾ ಪಾಸಾಗಿ ರಾಷ್ಟ್ರಭಾಷಾದಲ್ಲಿ ಡುಮ್ಕಿ ಹೊಡೆದದ್ದು. ಅದರಲ್ಲಿ ರಾಜರೆಲ್ಲ ಸ್ತ್ರೀಲಿಂಗ, ರಾಣಿಯರೆಲ್ಲ ಪುಲ್ಲಿಂಗ. ಆದರೂ ನನ್ನ ಸೇವಾವಧಿಯಲ್ಲೇ ಇಷ್ಟು ಹೊತ್ತು ಕದಲದೆ ಕೂತ ವಿದ್ಯಾರ್ಥಿಯನ್ನು ನಾನು ಕಂಡಿರಲಿಲ್ಲ.

ತಂಗಿ ಬಾಗಿಲಲ್ಲೇ ಫೋನ್ ಕಿತ್ತುಕೊಂಡಳು. “ಯಾರಣ್ಣ ಇದು, ಪೊಲೀಸಿನೋರಾ? ಊಟ ಆಯ್ತೇನಪ್ಪಾ? ಯಾವೂರು? ಮದುವೆ ಆಗಿದ್ಯಾ?” ಬ್ರಿಟನ್ನಿನ ಓ2 ಎಂಬ ಮೊಬೈಲ್ ಕಂಪನಿ 2024ರ ನವೆಂಬರಿನಲ್ಲಿ ಡೈಸಿ ಎಂಬ ಕೃತಕ ಬುದ್ಧಿಮತ್ತೆಯ ಅಜ್ಜಿಯನ್ನು ಹುಟ್ಟಿಸಿತು. ಮೋಸಗಾರರಿಗೆ ಹೆಣಿಗೆ, ಬೆಕ್ಕು, ಮೊಮ್ಮಕ್ಕಳ ಕಥೆ ಹೇಳಿ ಅವರ ಹೊತ್ತು ಹಾಳು ಮಾಡುವುದೇ ಅವಳ ಕೆಲಸ. ನನ್ನ ತಂಗಿಗೆ ಹೋಲಿಸಿದರೆ ಡೈಸಿ ಮೌನವ್ರತದಲ್ಲಿದ್ದಾಳೆ. ತಂಗಿಯದು ಕನ್ನಡ, ಸಾಹೇಬರದು ಹಿಂದಿ. ಒಬ್ಬರದು ಒಬ್ಬರಿಗೆ ತಿಳಿಯದೆಯೇ ಮಂಡಿನೋವು, ಸೊಸೆಯ ಬಾಣಂತನ, ಹಗರೆಯ ಕಡೆ ಇರುವ ಒಳ್ಳೆಯ ಹುಡುಗಿ ಎಲ್ಲವೂ ವಿಚಾರಣೆಗೆ ಬಂದವು.

ನಡುವೆ ಒಮ್ಮೆ ಸಾಹೇಬರ ದನಿ ಇಳಿಯಿತು. “ಅಂಕಲ್, ಬೇಗ ರಸೀದಿ ತೋರಿಸಿ. ನನಗೂ ಟಾರ್ಗೆಟ್ ಇದೆ.” ಹಿಂದೆ ಬೇರೆ ಬೇರೆ ಗಂಟಲುಗಳು ಅದೇ ಪಾರ್ಸೆಲ್, ಅದೇ ತೈವಾನ್ ಎನ್ನುತ್ತಿದ್ದವು. ಮ್ಯಾನ್ಮಾರಿನ ಕೆಕೆ ಪಾರ್ಕಿನಂಥ ಕಡೆ, ಕಾಂಬೋಡಿಯಾದಲ್ಲಿ, ಕಂಪ್ಯೂಟರ್ ಕೆಲಸವೆಂದು ನಂಬಿ ಹೋದ ನಮ್ಮ ದೇಶದ ಹುಡುಗರನ್ನೇ ಕೂಡಿಹಾಕಿ ಈ ಕೆಲಸ ಮಾಡಿಸುತ್ತಾರೆ. ಟಾರ್ಗೆಟ್ ಮುಟ್ಟದವರಿಗೆ ಏಟೂ ಬೀಳುತ್ತದೆ. ಇವನು ಅಂಥವನೋ, ಹುಟ್ಟಾ ಕಳ್ಳನೋ ಎಂದು ಒಂದು ಗಳಿಗೆ ಮನಸ್ಸು ಹೊಯ್ದಾಡಿತು. ಹೆಚ್ಚು ಹೊಯ್ದಾಡಲಿಲ್ಲ, ಯಾಕೆಂದರೆ ನನ್ನ ಪಾಠ ಇನ್ನೂ ವಿಷ್ಣುವರ್ಧನನಿಗೇ ಬಂದಿರಲಿಲ್ಲ.

ರಸೀದಿ ಬೇಲೂರಿನಲ್ಲಿದೆಯಂತೆ ಎಂದು ಹೊಸ ಸುಳ್ಳು ಹೊಸೆದು ಅಲ್ಲಿಗೆ ಹೊರಟೆ. ದೇವಸ್ಥಾನದ ಬಾಗಿಲಲ್ಲಿ ನನ್ನ ಹಳೆಯ ಗೆಳೆಯ, ಗೈಡು, ಕಾದಿದ್ದ. ಅವನ ಹಿಂದಿ ನನ್ನದಕ್ಕಿಂತ ನೂರು ಪಾಲು ವಾಸಿ. “ಆಯಿಯೇ ಸಾಬ್!” ಎಂದು ಫೋನನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಕ್ರೈಂ ಬ್ರ್ಯಾಂಚಿಗೆ ಪ್ರದಕ್ಷಿಣೆ ಹಾಕಿಸಿದ. 1117ರಲ್ಲಿ ಪ್ರತಿಷ್ಠೆಯಾದದ್ದು, ಅಲ್ಲಿ ನೋಡಿ ದರ್ಪಣ ಸುಂದರಿ, ಇದು ಬುನಾದಿಯಿಲ್ಲದೆ ಜಗಲಿಯ ಮೇಲೆ ಸುಮ್ಮನೆ ನಿಂತ ದೀಪಸ್ತಂಭ. ಅದರ ಬುಡದ ಸಂದಿಯಲ್ಲಿ ಪೇಪರ್ ತೂರಿಸಿ ತೋರಿಸಿದಾಗ ಆ ಕಡೆಯಿಂದ ‘ಅರೇ ಬಾಪ್ ರೇ’ ಎಂಬ ಉದ್ಗಾರ ಬಂತು. ಇಡೀ ದಿನದಲ್ಲಿ ಅವರ ಬಾಯಿಂದ ಬಂದ ಒಂದೇ ಒಂದು ಪ್ರಾಮಾಣಿಕ ಮಾತು. ನನ್ನ ಗೆಳೆಯನಿಗೆ ಒಂದು ಚಾಳಿಯಿದೆ: ಈಗ ಇರುವುದೆಲ್ಲ ಹೊಯ್ಸಳರ ಕಾಲದಲ್ಲೂ ಇತ್ತು ಎನ್ನುತ್ತಾನೆ. ಎರಡನೇ ಬಲ್ಲಾಳನ ಕಾಲದಲ್ಲಿ ಕೂರಿಸಿದ ಕಲ್ಲಿನ ಜಾಲಂಧ್ರದ ಮುಂದೆ ನಿಂತು, “ಸಾಬ್, ಇದು ನಮ್ಮ ಹಳೇ ಕ್ಯೂಆರ್ ಕೋಡು. ಸ್ಕ್ಯಾನ್ ಮಾಡಿ, ಗೈಡ್ ಫೀಸ್ ಹಾಕಿ” ಎಂದುಬಿಟ್ಟ.

ಒಳಗೆ ನವರಂಗದಲ್ಲಿ ಮೋಹಿನಿಯ ಕಂಬವಿದೆ. ಅದರೆದುರು ಫೋನ್ ಹಿಡಿದು ಭಸ್ಮಾಸುರನ ಕಥೆ ಹೇಳಿದೆ. ವರ ಪಡೆದವನು, ಕುಣಿಸಿದವಳು, ತನ್ನ ತಲೆಯ ಮೇಲೆ ತಾನೇ ಕೈಯಿಟ್ಟವನು. “ಸಾಹೇಬರೇ, ಎಫ್‌ಡಿಯೂ ಇಲ್ಲ, ರಸೀದಿಯೂ ಇಲ್ಲ. ನಿಮ್ಮ ಎರಡು ಸಾವಿರ ನನ್ನ ಹತ್ತಿರ ಇದೆ. ನಾನು ಮೋಹಿನಿ” ಎಂದು ಸೊಂಟದ ಮೇಲೆ ಕೈಯಿಟ್ಟೆ. ದರ್ಶನಕ್ಕೆ ನಿಂತಿದ್ದ ಶಾಲಾ ಮಕ್ಕಳು ಚಪ್ಪಾಳೆ ತಟ್ಟಿದರು. ಸಾಹೇಬರು ಗರ್ಭಗುಡಿಯ ಹತ್ತಿರ ಕೇಳಬಾರದ ಮಾತೊಂದನ್ನು ಹೇಳಿ ಫೋನ್ ಕತ್ತರಿಸಿದರು.

ಅವತ್ತು ಬೇಲೂರಿನಲ್ಲಿ ಗೆಳೆಯನಿಗೆ ಭರ್ಜರಿ ಊಟ, ತಂಗಿಗೆ ಸೀರೆ, ನನಗೆ ಬಳಪದ ಕಲ್ಲಿನ ಗಣೇಶ. ನ್ಯಾಯದ ದುಡ್ಡು ಎಂದು ಧಾರಾಳವಾಗಿ ಖರ್ಚು ಮಾಡಿದೆ. ಅರಸೀಕೆರೆಯಲ್ಲಿ ಕಂಡ ಕಂಡವರಿಗೆ ಕಥೆ ಹೇಳಿದೆ. ಕ್ಷೌರದಂಗಡಿಯಲ್ಲಿ ನನಗೆ ಸರದಿ ಬಿಟ್ಟುಕೊಡುವಷ್ಟು ಕೀರ್ತಿ ಬಂತು.

ಕೀರ್ತಿ ಹಬ್ಬಿದಷ್ಟೇ ಬೇಗ ಹೋಟೆಲಿನಲ್ಲಿ ಎರಡು ವಡೆ, ಒಂದು ಕಾಫಿಗೆ ದುಡ್ಡು ಹೋಗಲಿಲ್ಲ. ಬ್ಯಾಂಕಿಗೆ ಹೋದರೆ, “ಸರ್, ನಿಮ್ಮ ಅಕೌಂಟ್ ಫ್ರೀಜ್ ಆಗಿದೆ. ಹೊರರಾಜ್ಯದ ಸೈಬರ್ ಪೊಲೀಸರಿಂದ ಬಂದಿದೆ” ಎಂದರು. ಪೆನ್ಷನ್ ಒಳಗೆ, ನಾನು ಹೊರಗೆ.

ಕಳ್ಳ ತನ್ನ ದುಡ್ಡು ಕೊಟ್ಟಿದ್ದಾನೆ ಎಂದುಕೊಂಡಿದ್ದೆನಲ್ಲ, ಕಳ್ಳನಿಗೆ ಸ್ವಂತ ದುಡ್ಡು ಎಲ್ಲಿಂದ ಬರಬೇಕು? ಅದು ಯಾವುದೋ ಊರಿನ ಯಾರೋ ಹೆದರಿ ಹಾಕಿದ್ದರಲ್ಲಿ ಎರಡು ಸಾವಿರ. ಅವರು 1930ಕ್ಕೆ ದೂರು ಕೊಟ್ಟಿದ್ದಾರೆ. ದೂರು ಬಿದ್ದೊಡನೆ ಆ ದುಡ್ಡು ಎಲ್ಲೆಲ್ಲಿ ಹರಿದಿದೆಯೋ ಆ ಖಾತೆಗಳನ್ನೆಲ್ಲ ಸಾಲಾಗಿ ತಡೆಯುತ್ತಾರೆ. ಆ ಸಾಲಿನಲ್ಲಿ, ಬಾಡಿಗೆ ಖಾತೆ ಕೊಟ್ಟ ಪಟಿಂಗರ ಪಕ್ಕ, ನಿವೃತ್ತ ಮೇಷ್ಟ್ರು. ಯಾರದೋ ಕಣ್ಣೀರಿನಲ್ಲಿ ನಾನು ಹೋಳಿಗೆ ಊಟ ಮಾಡಿದ್ದೆ. “ಹಾಲು ಉಕ್ಕುತ್ತೆ ಅಂದೆ, ಕೇಳಿದ್ರಾ?” ಎಂದಳು ಹೆಂಡತಿ.

ಅದರ ಹಿಂದೆಯೇ ಒಂದು ಫೋನ್. ಹಿಂದಿ. ತಾನು ಸೈಬರ್ ಠಾಣೆಯ ಸಬ್ ಇನ್‌ಸ್ಪೆಕ್ಟರ್, ಎರಡು ಸಾವಿರದ ವಿಚಾರ ಎಂದ. ನನಗೆ ನಗು ತಡೆಯಲಾಗಲಿಲ್ಲ. ಎರಡನೇ ಸಲ ನನ್ನನ್ನೇ? “ಬನ್ನಿ ಸಾಹೇಬರೇ, ಬರ್ಮುಡಾ ಒಗೆದಿರಾ?” ಎಂದು ಶುರುಮಾಡಿ, ಅಟ್ಟ, ಕೊಬ್ಬರಿ, ಹನ್ನೊಂದು ತಿಂಗಳು, ಬಲ್ಲಾಳ, ಬಿಟ್ಟಿದೇವ, ಎಲ್ಲವನ್ನೂ ಮೊದಲಿಗಿಂತ ವಿಸ್ತಾರವಾಗಿ ಒಪ್ಪಿಸಿ, ಕೊನೆಗೆ ಟ್ಯಾಕ್ಸಿಗೆಂದು ಎರಡು ಸಾವಿರ ಕೇಳಿದೆ. ಆತ ಒಂದು ಸಲವೂ ಸಿಟ್ಟಾಗಲಿಲ್ಲ. ಮಧ್ಯೆ ಮಧ್ಯೆ ‘ಸ್ಪೆಲಿಂಗ್ ಬತಾಯಿಯೇ’ ಎನ್ನುತ್ತಿದ್ದ. ಅದೊಂದು ನನಗೆ ವಿಚಿತ್ರ ಅನ್ನಿಸಿತ್ತು.

ಮುಂದಿನ ವಾರ ನಮ್ಮ ಕಡೆಯ ಠಾಣೆಯಿಂದ ಬರಹೇಳಿದರು. ಹೆಂಡತಿಯನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಕರೆದುಕೊಂಡು ಹೋದೆ. ಕಂಪ್ಯೂಟರಿನ ಮುಂದೆ ಕೂತ ಕಾನ್‌ಸ್ಟೇಬಲ್ ನನ್ನ ಹಳೆಯ ವಿದ್ಯಾರ್ಥಿ, ಹಿಂದಿನ ಬೆಂಚಿನಲ್ಲಿ ಮಲಗುತ್ತಿದ್ದವನು. ಎದ್ದು ನಿಂತು ನಮಸ್ಕಾರ ಮಾಡಿ ಕುರ್ಚಿ ಕೊಟ್ಟ.

“ಸಾರ್, ಆ ರಾಜ್ಯದೋರು ನಿಜವಾದ ಪೊಲೀಸ್ ಸಾರ್. ನಿಮ್ಮ ಗ್ಯಾಂಗಿನ ವಿವರ ಕೇಳಿ ಪತ್ರ ಬರೆದಿದ್ದಾರೆ.”

“ಯಾವ ಗ್ಯಾಂಗೋ?”

ಅವನು ಓದಿದ. ಕೇಂದ್ರ ಸ್ಥಾನ, ದ್ವಾರಸಮುದ್ರ. ಸಹಚರರು: ನೃಪಕಾಮ, ವಿನಯಾದಿತ್ಯ, ಎರೆಯಂಗ, ಬಲ್ಲಾಳ ನಂಬರ್ ಒಂದು. ಮುಖ್ಯಸ್ಥ ಬಿಟ್ಟಿದೇವ ಉರುಫ್ ವಿಷ್ಣುವರ್ಧನ, ಹೆಸರು ಬದಲಾಯಿಸಿಕೊಂಡಿರುವುದರಿಂದ ಹೆಚ್ಚಿನ ಅನುಮಾನ. ಸ್ವತ್ತು, ಅಟ್ಟದ ಮೇಲೆ ಹನ್ನೊಂದು ತಿಂಗಳಿಂದ ಬಚ್ಚಿಟ್ಟಿರುವ ‘ಉಂಡೆ’ಗಳು.

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ನಾನು ಗಂಟಲು ಸರಿಮಾಡಿಕೊಂಡು ವಿವರಣೆಗೆ ಇಳಿಯುವಷ್ಟರಲ್ಲಿ ಅವನು ಕೈಯೆತ್ತಿ ತಡೆದ.

“ಪಾಠ ಬೇಡ ಸಾರ್, ಅವತ್ತೇ ಅರ್ಥ ಆಗ್ಲಿಲ್ಲ. ಇವರೆಲ್ಲ ಸತ್ತೋಗಿದಾರೆ ಅಂತ ಒಂದು ಹೇಳಿಕೆ ಬರೆದುಕೊಡಿ, ಆ ಎರಡು ಸಾವಿರ ವಾಪಸ್ ಕೊಡ್ತೀನಿ ಅಂತ ಕೆಳಗೆ ಸೈನ್ ಹಾಕಿ. ಆದ್ರೆ ಸಾರ್,” ಎಂದು ಕಾಗದ ತಿರುವಿ, “ಸಳ ಅನ್ನೋನು ಹುಲಿ ಹೊಡೆದಿದಾನೆ ಅಂತ ನೀವೇ ಒಪ್ಪಿಕೊಂಡಿದೀರಲ್ಲ, ಅದನ್ನ ನಾವು ನೋಡ್ಕೊಳ್ಳಕ್ಕಾಗಲ್ಲ. ಫಾರೆಸ್ಟಿನೋರಿಗೆ ಕಳಿಸಿದಾರೆ.”