ಫ್ಲೆಕ್ಸಿನಲ್ಲಿ ಆದರ್ಶ

ಮಂಗಳೂರಿನಲ್ಲಿ ಸಮಾಜ ಸುಧಾರಕ ಕುದ್ಮುಲ್ ರಂಗರಾಯರ ಹೆಸರಿನ ಪುರಭವನ. ಜಾತಿ ಮೀರಿದ ಪ್ರೀತಿಯ ಬಗ್ಗೆ ಭಾಷಣ ಮುಗಿಸಿ ಹೊರಬಂದ ಅಧ್ಯಕ್ಷರಿಗೆ ಹಳೆಯ ದೋಸ್ತಿ ಎದುರಾದ.

‘ಹೇಗಿತ್ತು ಮಾರಾಯಾ ಭಾಷಣ?’

‘ಭಾರೀ ಲಾಯ್ಕಿತ್ತು. ರಂಗರಾಯರು 1912ರಲ್ಲೇ ಮಗಳು ರಾಧಾಬಾಯಿಯನ್ನು ಜಾತಿ ನೋಡದೆ ಸುಬ್ಬರಾಯನ್‌ಗೆ ಕೊಟ್ಟರು ಅಂತ ನೀನು ಹೇಳುವಾಗ ಜನ ಕಣ್ಣೊರೆಸಿಕೊಂಡರು. ಅಲ್ಲ, ನಿನ್ನ ಮಗಳು ಆ ಹುಡುಗನನ್ನು...’

‘ಮೆಲ್ಲ ಮಾತಾಡು! ಅದು ಬೇರೆ ವಿಷಯ. ರಂಗರಾಯರದ್ದು ಆದರ್ಶ, ನಮ್ಮದು ಮರ್ಯಾದೆಯ ಪ್ರಶ್ನೆ.’

‘ಆಯ್ತಪ್ಪ. ಫ್ಲೆಕ್ಸಿನಲ್ಲಿ ನಿನ್ನ ಮುಖ ತೆಂಗಿನ ಮರದಷ್ಟು ಉಂಟು. ರಂಗರಾಯರು ಎಲ್ಲಿ?’

‘ಮೂಲೆಯಲ್ಲಿ ಇದ್ದಾರಲ್ಲ! ದೊಡ್ಡ ಮನುಷ್ಯರಿಗೆ ಸಣ್ಣ ಜಾಗ ಸಾಕು.’

‘ಓದಿದ ದಲಿತ ಹುಡುಗ ಸರ್ಕಾರಿ ಕಾರಿನಲ್ಲಿ ಹೋಗುವಾಗ ಆ ಧೂಳು ತನ್ನ ತಲೆಗೆ ತಾಗಲಿ ಅಂದವರು ಅವರು.’

‘ಅದನ್ನೂ ಹೇಳಿದೆ, ಚಪ್ಪಾಳೆ ಬಿತ್ತು. ನೀನು ನನ್ನ ಕಾರಿಗೆ ಒರಗಬೇಡ, ಈಗಷ್ಟೇ ತೊಳೆಸಿದ್ದು.’

‘ಸ್ನೇಹಿತ ಅಂತ ಒರಗಿದೆ ಮಾರಾಯಾ.’

‘ಸ್ನೇಹಿತನಾದರೆ ವೇದಿಕೆಯಲ್ಲಿ ಯಾಕೆ ಮುಖ ಊದಿಸಿಕೊಂಡು ಕೂತಿದ್ದಿ?’

‘ಎರಡನೇ ಸಾಲಿನಲ್ಲಿ ಕುರ್ಚಿ ಹಾಕಿಸಿದರೆ ಮತ್ತೆಂತ ಮಾಡುವುದು?’

ಹೀಗೆ ಸಮಾನತೆಯ ಚರ್ಚೆ ಕುರ್ಚಿಗೆ ಬಂದು ನಿಂತಿತು. ಕೊನೆಗೆ ಮುಂದಿನ ಸಭೆಯಲ್ಲಿ ಮೊದಲ ಸಾಲು ಖಾತ್ರಿಯಾದ ಮೇಲೆ ಇಬ್ಬರೂ ಗಡ್‌ಬಡ್ ಐಸ್‌ಕ್ರೀಂ ತಿನ್ನಲು ಒಟ್ಟಿಗೇ ಹೋದರು. ಮಗಳ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ.

ಅಂದ ಹಾಗೆ, ಜಾತಿ ಬಿಟ್ಟು ಮದುವೆಯಾದ ಆ ರಾಧಾಬಾಯಿ 1938ರಲ್ಲಿ ಆಗಿನ ಕೇಂದ್ರ ಶಾಸನಸಭೆಯ ಮೇಲ್ಮನೆ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆ. ಮಗ ಕುಮಾರಮಂಗಲಂ ಭಾರತದ ಭೂಸೇನೆಯ ಮುಖ್ಯಸ್ಥರಾದರು.