ಫ್ರೇಮ್‌ವರ್ಕ್ ರಾಯರು

ಸಂಜೆ ಏಳರ ಮೇಲೆ ಮುಂಬೈಯ ಮಲಾಡ್ ಪಶ್ಚಿಮದ ಮೈಂಡ್‌ಸ್ಪೇಸ್ ಆಸುಪಾಸಿನಲ್ಲಿ ಎಲ್ಲಿ ಕಟಿಂಗ್ ಚಹಾ ಕುಡಿಯಲು ನಿಂತರೂ ರಾಯರು ಸಿಕ್ಕೇ ಸಿಗುತ್ತಾರೆ. ಕೊರಳಲ್ಲಿ ಕಂಪನಿಯ ಪಟ್ಟಿ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಬಾಯಲ್ಲಿ ಒಂದೇ ಮಾತು: "ಬ್ಯಾಕೆಂಡ್ ಹಗುರ ಮಾಡ್ಬೇಕು." ತಮ್ಮ ಹೊಟ್ಟೆಯ ಬಗ್ಗೆಯೂ ಅವರಿಗೆ ಇಷ್ಟು ಚಿಂತೆಯಿಲ್ಲ.

ರಾಯರು 2006ರ ಜೆಕ್ವೆರಿ ಕಾಲದಿಂದ ಬಂದವರು. ಆಮೇಲೆ ಆಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕ್ ನೆಚ್ಚಿದರು. 2016ರಲ್ಲಿ ಗೂಗಲ್ ಅದನ್ನು ಬುಡದಿಂದ ಹೊಸದಾಗಿ ಬರೆದು, ಹಳೆಯ ಕೋಡು ಇದರಲ್ಲಿ ನಡೆಯದು ಎಂದಾಗ ರಾಯರಿಗೆ ವಾರಪೂರ್ತಿ ಊಟ ರುಚಿಸಲಿಲ್ಲ. 2013ರಲ್ಲೇ ಫೇಸ್‌ಬುಕ್ ಹೊರತಂದಿದ್ದ ರಿಯಾಕ್ಟಿಗೆ ಹಾರಿದರು, ಅಲ್ಲಿಂದ ವ್ಯೂ, ಅದೂ ಸಾಲದೆ ಸ್ವೆಲ್ಟ್. ಪ್ರತಿ ಸಲವೂ "ಇನ್ನು ಇದೇ ಖಾಯಂ".

ಇಂಥವರ ಕೈಗೆ ನಮ್ಮ ಕನ್ನಡ ಸಂಘದ ವೆಬ್‌ಸೈಟ್ ಸಿಕ್ಕಿತು. ನಾಟಕದ ಟಿಕೆಟ್ ಬಿಟ್ಟ ದಿನ ಅದು ಏದುಸಿರು ಬಿಡುತ್ತಿತ್ತು. ಅಧ್ಯಕ್ಷರಾದ ಹೋಟೆಲ್ ಶೆಟ್ಟರಿಗೆ ರಾಯರು ತಿಳಿಹೇಳಿದರು: "ಈಗ ಸರ್ವರೇ ಪುಟ ಪೂರ್ತಿ ಕಟ್ಟಿ ಕಳಿಸ್ತದೆ. ಇನ್ನು ಬರೀ ಡೇಟಾ ಕಳಿಸಿ, ಪುಟ ಕಟ್ಟೋ ಕೆಲಸ ನೋಡುವವರ ಮೊಬೈಲಿಗೇ ಹಾಕೋಣ. ನಿಮ್ಮ ಹೋಟೆಲಲ್ಲಿ ಸೆಲ್ಫ್ ಸರ್ವಿಸ್ ಇಟ್ಟ ಹಾಗೆ ಶೆಟ್ರೇ."

ಶೆಟ್ಟರು ಯೋಚಿಸಿದರು. "ಪ್ಲೇಟು ಗಿರಾಕಿ ಹೊತ್ತಾನು. ಆದ್ರೆ ದೋಸೆ ತಡ ಆಗುದು ಕಾವಲಿ ಹತ್ರ ಅಲ್ವಾ ಮಾರಾಯ್ರೆ?"

"ಅದು ಬೇರೆ ವಿಷಯ," ಎಂದರು ರಾಯರು.

ಹೊಸ ಸೈಟ್ ಥಳಥಳಿಸಿತು, ರಾಯರ ಲ್ಯಾಪ್‌ಟಾಪಿನಲ್ಲಿ. ಸ್ಲೋ ಲೋಕಲ್‌ನಲ್ಲಿ ನೇತಾಡುತ್ತ ಹಳೆಯ ಫೋನು ಒತ್ತಿದ ಸದಸ್ಯರಿಗೆ ಬಿಳಿ ಪರದೆ, ನಡುವೆ ತಿರುಗುವ ಚಕ್ರ. ಜಾವಾಸ್ಕ್ರಿಪ್ಟ್ ಪೂರ್ತಿ ಇಳಿಯುವವರೆಗೆ ಅಷ್ಟೇ ದರ್ಶನ. ಹಿಂದೆ ಒಂದೇ ಪುಟ ಕೇಳುತ್ತಿದ್ದ ಬ್ರೌಸರ್ ಈಗ ಸದಸ್ಯರ ಪಟ್ಟಿಗೊಮ್ಮೆ, ಒಬ್ಬೊಬ್ಬರ ಬಾಕಿಗೆ ಇನ್ನೊಮ್ಮೊಮ್ಮೆ ಸರ್ವರಿನ ಬಾಗಿಲು ತಟ್ಟತೊಡಗಿತು. ಹಗುರವಾಗಬೇಕಿದ್ದ ಬ್ಯಾಕೆಂಡ್ ಮಲಗೇಬಿಟ್ಟಿತು.

ಭಾರ ಇಳಿಸುವ ಹುಮ್ಮಸ್ಸಿನಲ್ಲಿ ಟಿಕೆಟಿನ ಲೆಕ್ಕವನ್ನೂ ರಾಯರು ಮೊಬೈಲಿಗೇ ಒಪ್ಪಿಸಿದ್ದರು. ಸರ್ವರ್ ಅದನ್ನು ಮರುಪರಿಶೀಲಿಸುತ್ತಿರಲಿಲ್ಲ. ಡಿಪ್ಲೊಮಾ ಓದುವ ಹುಡುಗನೊಬ್ಬ ಬ್ರೌಸರಿನಲ್ಲೇ ದರ ತಿದ್ದಿ, ಮೊದಲ ಸಾಲನ್ನು 1 ರೂಪಾಯಿಗೆ ಹೊಡೆದ. ನಾಟಕವನ್ನು ಮಾತ್ರ ಕೊನೆಯವರೆಗೆ ಕೂತು ನೋಡಿದ ಅನ್ನಿ.

ಕಡೆಗೆ ರೋಗ ಪತ್ತೆಹಚ್ಚಿದವಳು ಖಜಾಂಚಿಯ ಮಗಳು. ಯಾರೇ ಲಾಗಿನ್ ಆದರೂ ಅವರ ಫೋನ್ ನಂಬರಿಗಾಗಿ ಡೇಟಾಬೇಸು ಇಡೀ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ತಡಕುತ್ತಿತ್ತು. ಆ ಕಾಲಮಿಗೆ ಇಂಡೆಕ್ಸೇ ಇರಲಿಲ್ಲ. ಒಂದು ಸಾಲು ಬರೆದಳು, ಬಾಕಿಯನ್ನೆಲ್ಲ ಒಂದೇ ಸಲಕ್ಕೆ ತರಿಸಿದಳು, ಸೈಟ್ ಓಡಿತು. ರಾಯರಿಗೆ ಸಲ್ಲಬೇಕಾದ್ದನ್ನೂ ಹೇಳಬೇಕು: ಕುರ್ಚಿ ಒತ್ತಿದೊಡನೆ ಬಣ್ಣ ಬದಲಾಗುವ ಅವರ ಸೀಟಿನ ನಕ್ಷೆ ಬಲು ಸೊಗಸು. ಫ್ರೇಮ್‌ವರ್ಕ್ ಬೇಕಾದ್ದು ಅಂಥ ಕಡೆಗೇ.

ಅವರೇನೂ ಬೇಸರಪಟ್ಟುಕೊಂಡಿಲ್ಲ. ರಿಯಾಕ್ಟಿನವರೇ 2020ರ ಡಿಸೆಂಬರಿನಲ್ಲಿ ಸರ್ವರ್ ಕಾಂಪೊನೆಂಟ್ ಎಂಬುದನ್ನು ಮುಂದಿಟ್ಟಿದ್ದರಲ್ಲ, ರಾಯರು ಈಗ ಅದನ್ನು ಹಿಡಿದಿದ್ದಾರೆ. "ಪುಟವನ್ನು ಸರ್ವರಿನಲ್ಲೇ ಕಟ್ಟಬೇಕು ಕಣ್ರೀ, ಪಾಪ, ಜನರ ಫೋನಿಗೆ ಯಾಕೆ ಭಾರ?" ಎನ್ನುತ್ತಾರೆ, ಕಣ್ಣಲ್ಲಿ ಅದೇ ಹೊಳಪು. ನಿಮ್ಮ ಸಂಘಕ್ಕೂ ಬಂದಾರು. ಚಹಾ ಕೊಡಿ, ಸೀಟಿನ ನಕ್ಷೆ ಮಾಡಿಸಿಕೊಳ್ಳಿ, ಸರ್ವರಿನ ಪಾಸ್‌ವರ್ಡ್ ಮಾತ್ರ ಕೊಡಬೇಡಿ.